ಉಸ್ತಾದರು ಮೆಚ್ಚಿದ ಪೈಲ್ವಾನ

ಪಂಚಾಕ್ಷರಪ್ಪ: ಜುಂಜಪ್ಪಂಗೆ ಮಂಡಿ ನೋವು ಅಂತ ಹೇಳು, ಸಾಕು. ಅದಕ್ಕಿಂತ ಹೆಚ್ಗೆ ಬಾಯಿ ಬಿಡಬ್ಯಾಡ.

ಶಿವಗಂಗಮ್ಮ: ಯಾವ ಮಂಡಿ?

ಪಂಚಾಕ್ಷರಪ್ಪ: ಯಾವುದೋ ಒಂದು.

ಶಿವಗಂಗಮ್ಮ: ನೀವು ಎಡಗಾಲು ಅಂದು, ನಾನು ಬಲಗಾಲು ಅಂದ್ರೆ?

ಪಂಚಾಕ್ಷರಪ್ಪ: ಒಳ್ಳೇದೇ ಆತಲ್ಲ. ಎರಡೂ ಕಾಲು ಹೋದೋನ್ನ ಮೈಸೂರಿಗೆ ಯಾರು ಕರ್ಕಂಡೋಗ್ತಾರೆ?

ಚಿತ್ರದುರ್ಗದ ಕೋಟೆಯ ಬುಡದಲ್ಲಿರುವ ಗರಡಿಗೆ ಪಂಚಾಕ್ಷರಪ್ಪನವರು ಇಪ್ಪತ್ತು ವರ್ಷದಿಂದ ಉಸ್ತಾದರು. ಗರಡಿಗೆ ಅವರು ಉಸ್ತಾದರಾದರೆ ಅದಕ್ಕೆ ಅಂಟಿಕೊಂಡ ಮನೆಗೆ ಹೆಂಡತಿ ಶಿವಗಂಗಮ್ಮ ಉಸ್ತಾದರು, ಈ ವಿಷಯದಲ್ಲಿ ಊರಲ್ಲಿ ಎರಡು ಮಾತಿಲ್ಲ. ದಸರಾ ಹತ್ತಿರ ಬಂದಿತ್ತು. ಮೈಸೂರಿನ ದಸರಾ ಕುಸ್ತಿಗೆ ಹುಡುಗರನ್ನು ಆರಿಸುವ ತಿಮ್ಮರಾಯಪ್ಪ ಎಂಬವರು ಅಂದು ಗರಡಿಗೆ ಬರುವವರಿದ್ದರು. ಒಂದು ಗರಡಿಗೆ ಒಬ್ಬನೇ ಪೈಲ್ವಾನ. ಆರಿಸಿಕೊಂಡವನನ್ನು ಮೈಸೂರಿನಲ್ಲೇ ಸಂಬಳ ಕೊಟ್ಟು ಇಟ್ಟುಕೊಳ್ಳುತ್ತಾರೆ. ಬೇರೆ ಊರಿನವರು ಹೇಗೋ ಕಾಣೆ, ನಮ್ಮ ಉಸ್ತಾದರಿಗೆ ಮಾತ್ರ ಈ ಭಾಗ್ಯ ಬೇಡವಾಗಿತ್ತು.

ಶಿವಗಂಗಮ್ಮ: ಅಲ್ರಿ, ಹಟ್ಟಿಯಾಗೆ ಕುರಿ ಕಾಯ್ಕಂಡಿದ್ದ ಹುಡುಗ. ಮೈಸೂರು ಸೇರಿ ನಾಕು ಜನರ ಕಣ್ಣಿಗೆ ಬೀಳೋ ಕಾಲ ಬಂದೈತೆ. ಅಡ್ಡಗಾಲು ಹಾಕ್ತೀರಲ್ಲ, ನಿಮಗೆ ಕರುಳು ಅನ್ನೋದು ಐತೋ ಇಲ್ವೋ?

ಪಂಚಾಕ್ಷರಪ್ಪ: ಕರುಳು ಐತೆ, ಗದೆ ಇಲ್ಲ. ಮೂರು ವರ್ಷ ಆತು ನಮ್ಮೂರ ವಿಜಯದಶಮಿ ಕುಸ್ತಿಯ ಬೆಳ್ಳಿ ಗದೆ ಹಿರಿಯೂರೋರ ಪಾಲಾಗಿ. ಗದೆ ತೂಗಾಕೋ ಮೊಳೆಗೆ ನೀನು ಈರುಳ್ಳಿ ಬುಟ್ಟಿ ನೇತಾಕಿದೀಯ! ಅವರೋ ಮಾರಿಕಣಿವೆ ಕಟ್ಟೆಗೆ ಕಲ್ಲು ಹೊತ್ತು ಹೊತ್ತು ಬಂಡೆ ಆಗವ್ರೆ. ಜುಂಜಪ್ಪ ಈ ವರ್ಷ ಅವರಿಗೆ ಸಾಟಿ ಆಗವ್ನೆ. ಈ ವಿಜಯದಶಮಿಗೆ ಅವನು ಮೈಸೂರಾಗಿದ್ರೆ ಹಿರಿಯೂರೋರ ಮುಂದೆ ಯಾರು ಇಳೀತಾರೆ, ನೀನಾ?

ಶಿವಗಂಗಮ್ಮ: ಮುರುಗೇಶಪ್ಪ ಇಲ್ವಾ?

ಪಂಚಾಕ್ಷರಪ್ಪ: ಅದಕ್ಕೇ ಅವನ್ನ ಮೈಸೂರಿಗೆ ಕಳಿಸ್ತಿರೋದು.

ಮುರುಗೇಶಪ್ಪ ಭೀಮಸಮುದ್ರದ ಅಡಕೆ ವ್ಯಾಪಾರಿಯ ಮಗ. ಗರಡಿಯ ಬಾದಾಮಿ, ತುಪ್ಪವೆಲ್ಲ ಅವರಪ್ಪನ ಕೊಡುಗೆ. ಮೈಯಲ್ಲಿ ಇಬ್ಬರಾಗುವಷ್ಟಿದ್ದ, ಕುಸ್ತಿಯಲ್ಲಿ ಅರ್ಧ ಆಳೂ ಆಗುತ್ತಿರಲಿಲ್ಲ.

ಶಿವಗಂಗಮ್ಮ: ಇಬ್ಬರನ್ನೂ ಅಖಾಡಕ್ಕೆ ಇಳಿಸ್ರಿ ಅಂದ್ರೆ ಏನ್ಮಾಡ್ತೀರಿ? ಒಂದು ಗಳಿಗೇಲಿ ಬಣ್ಣ ಬಯಲಾಗ್ತೈತೆ.

ಪಂಚಾಕ್ಷರಪ್ಪ: ನಿನ್ನೇನೇ ಮಣ್ಣು ಅಗೆಸಿ, ಮಜ್ಜಿಗೆ, ಅರಿಶಿನ, ಬೇವಿನೆಣ್ಣೆ ಬೆರೆಸಿ ಹದಕ್ಕೆ ಬಿಟ್ಟೀನಿ. ಒಂಬತ್ತು ದಿನ ಕಾಲಿಡಂಗಿಲ್ಲ. ಹನುಮಪ್ಪನ ಪೂಜೆ ಆಗೋವರೆಗೂ ಮಣ್ಣು ಮಲಗಿರಬೇಕು.

ಶಿವಗಂಗಮ್ಮ: ಪ್ರತಿ ವರ್ಷ ಇದನ್ನ ಯುಗಾದಿಗೆ ಮಾಡ್ತಿದ್ರಿ.

ಪಂಚಾಕ್ಷರಪ್ಪ: ಈ ವರ್ಷ ಮಣ್ಣಿಗೆ ಬ್ಯಾಗ ನಿದ್ದೆ ಬಂತು.

ಅಷ್ಟರಲ್ಲಿ ಬಾಗಿಲಿಗೆ ಗಾಡಿ ಬಂದು ನಿಂತಿತು. ಜರಿಪೇಟ, ಕರಿ ಕೋಟು, ಕಂಕುಳಲ್ಲಿ ಕೊಡೆ. ಇಳಿದ ಮನುಷ್ಯ ಕುಸ್ತಿಯವರಂತೆ ಇರಲಿಲ್ಲ, ಮದುವೆ ದಲ್ಲಾಳಿಯಂತಿದ್ದರು. ಇವರೇ ತಿಮ್ಮರಾಯಪ್ಪ.

ಶಿವಗಂಗಮ್ಮ: ಬರ್ರಿ ಅಣ್ಣಾರೆ, ಕುಂತ್ಕಳ್ರಿ. ಮಜ್ಜಿಗೆ ತರ್ತೀನಿ. ಮಣ್ಣಿಗೆ ಹುಯ್ದು ಒಂದು ಲೋಟ ಉಳಿದೈತೆ.

ತಿಮ್ಮರಾಯಪ್ಪ: ನಿಧಾನಕ್ಕೆ ಆಗ್ಲಿ ತಾಯಿ. ಉಸ್ತಾದ್ರೆ, ಹುಡುಗರನ್ನ ಇಳಿಸ್ತೀರಾ?

ಪಂಚಾಕ್ಷರಪ್ಪ: ಅಯ್ಯೋ, ಏನು ಮಾಡಾಣ ಸ್ವಾಮಿ. ಮಣ್ಣು ಹದಕ್ಕೆ ಬಿಟ್ಟೈತೆ.

ತಿಮ್ಮರಾಯಪ್ಪ: ಓಹೋ, ಹಾಗಾದ್ರೆ ಬೇಡ ಬುಡಿ. ಮಣ್ಣಿಗೆ ಮರ್ಯಾದೆ ಕೊಡ್ದೆ ಇದ್ರೆ ಅದು ನಮಗೆ ಮರ್ಯಾದೆ ಕೊಡೋದಿಲ್ಲ. ನಿಮ್ಮ ಬಾಯಲ್ಲೇ ಹೇಳಿ. ಯಾರನ್ನ ಕರ್ಕೊಂಡು ಹೋಗ್ಲಿ?

ಇಷ್ಟು ಸಲೀಸಾಗಿ ಹಳ್ಳಕ್ಕೆ ಬೀಳುವ ಮನುಷ್ಯನನ್ನು ಉಸ್ತಾದರು ಕಂಡಿರಲಿಲ್ಲ. ಖುಷಿಗೆ ಮೀಸೆ ತಾನಾಗಿ ಮೇಲೆದ್ದಿತು.

ಪಂಚಾಕ್ಷರಪ್ಪ: ಮುರುಗೇಶಪ್ಪ. ಇನ್ನೊಂದು ಹೆಸರೇ ಬ್ಯಾಡ. ಗಂಭೀರ ಅಂದ್ರೆ ಗಂಭೀರ. ಒಂದು ಕಡೆ ನಿಂತ ಅಂದ್ರೆ ಕದಲಲ್ಲ.

ಶಿವಗಂಗಮ್ಮ: ಹೌದ್ರಿ. ನಿಂತಲ್ಲೇ ನಿದ್ದೆ ಮಾಡ್ತಾನೆ.

ಪಂಚಾಕ್ಷರಪ್ಪ: ಅದು ಧ್ಯಾನ!

ಶಿವಗಂಗಮ್ಮ: ಧ್ಯಾನವೇ. ಗೊರಕೆ ಹೊಡ್ಕಂತ ಮಾಡ್ತಾನೆ.

ತಿಮ್ಮರಾಯಪ್ಪ: ನಿಮ್ಮಲ್ಲಿ ಜುಂಜಪ್ಪ ಅಂತ ಒಬ್ಬ ಇದ್ದ ಅಲ್ವೇ? ಎರಡು ವರ್ಷದ ಹಿಂದೆ ಕೇಳಿದ್ದಕ್ಕೆ, ತೀರಿಕೊಂಡ ಅಂತ ನೀವೇ ಕಾಗದ ಬರೆದಿದ್ರಿ. ಪಾಪ ಅನ್ನಿಸ್ತು. ಈಗ ನೋಡಿದ್ರೆ ಗರಡಿ ಬಾಗಿಲಲ್ಲಿ ಒಬ್ಬ ನಿಂತು, ನಾನು ಜುಂಜಪ್ಪ ಅಂತ ಕೈ ಮುಗಿದ.

ಪಂಚಾಕ್ಷರಪ್ಪ: ಅವನು ಬ್ಯಾರೆ, ಇವನು ಬ್ಯಾರೆ. ಹಟ್ಟಿ ಕಡೆ ಅದು ದೇವರ ಹೆಸರು ಸ್ವಾಮಿ, ಮನೆಗೊಬ್ಬ ಜುಂಜಪ್ಪ ಇರ್ತಾನೆ. ಸತ್ತೋನೇ ವಾಸಿ, ಇವನಿಗೆ ಮಂಡಿ ನೋವು.

ತಿಮ್ಮರಾಯಪ್ಪ: ಹೌದೇ ತಾಯಿ?

ಶಿವಗಂಗಮ್ಮ: ಹೌದ್ರಿ ಅಣ್ಣಾರೆ. ಮೊನ್ನೆ ಜೋಗಿಮಟ್ಟಿ ಕಡೆಯಿಂದ ಬರುವಾಗ ಕಟ್ಟಿಗೆ ಬಂಡಿ ಅಚ್ಚು ಮುರೀತು. ಹೊಸ ಅಚ್ಚು ಹಾಕೋವರೆಗೂ ಇವನೇ ಬೆನ್ನು ಕೊಟ್ಟು ಬಂಡಿ ಎತ್ಕಂಡು ನಿಂತಿದ್ದ. ಆಗ ಮಂಡಿ ಸ್ವಲ್ಪ ನೋಯ್ತು ಅಂದ.

ಪಂಚಾಕ್ಷರಪ್ಪ: ಸಣ್ಣ ಬಂಡಿ ಸ್ವಾಮಿ!

ಶಿವಗಂಗಮ್ಮ: ಹೌದು, ಸಣ್ಣದು. ಕಟ್ಟಿಗೆ ಇಳಿಸೋಕೂ ಬಿಡಲಿಲ್ಲ ಅವನು, ಅಷ್ಟು ಆತುರಗೇಡಿ.

ತಿಮ್ಮರಾಯಪ್ಪ ಶಿವಗಂಗಮ್ಮ ತಂದಿಟ್ಟ ಮಜ್ಜಿಗೆ ಕುಡಿದರು. ಉಸ್ತಾದರು ಹೆಂಡತಿಯನ್ನು ನೋಡಿದ ನೋಟಕ್ಕೆ ಬೇರೆ ಯಾರಾದರೂ ಆಗಿದ್ದರೆ ಒಳಗೆ ಓಡಬೇಕಿತ್ತು. ಶಿವಗಂಗಮ್ಮ ಕಂಬಕ್ಕೆ ಒರಗಿ ಇನ್ನೂ ಚೆನ್ನಾಗಿ ನಿಂತುಕೊಂಡರು.

ಪಂಚಾಕ್ಷರಪ್ಪ: ಮಂಡಿ ಒಂದೇ ಅಲ್ಲ. ಕಚಗುಳಿ ಐತೆ. ಪಕ್ಕೆಗೆ ಕೈ ಹಾಕಿದ್ರೆ ಕಿಸಕಿಸ ನಗ್ತಾನೆ. ಅಂಥೋನ್ನ ದೊಡ್ಡೋರ ಮುಂದೆ ಕುಸ್ತಿಗೆ ಬಿಟ್ರೆ ಏನು ಚಂದ?

ಶಿವಗಂಗಮ್ಮ: ನಿಜ. ನಕ್ಕಂತಲೇ ಎತ್ತಿ ಒಗೀತಾನೆ. ಬಿದ್ದೋನಿಗೆ ಎಷ್ಟು ಬ್ಯಾಸರ ಆಗಲ್ಲ ಹೇಳ್ರಿ?

ಪಂಚಾಕ್ಷರಪ್ಪ: ನೀನು ಒಲೆ ಮುಂದೆ ಹೋಗು!

ಶಿವಗಂಗಮ್ಮ: ನಾನು ನಿಮ್ಮ ಮಾತೇ ಎತ್ತಿ ಹಿಡೀತಿದೀನಲ್ರಿ. ಗಂಡನ ಮಾತಿಗೆ ಹೌದು ಅನ್ನಬಾರ್ದಾ?

ತಿಮ್ಮರಾಯಪ್ಪ: ಸಾಕು ಬುಡಿ, ನನಗೆ ಅರ್ಥ ಆಯ್ತು. ಗರಡಿ ನಿಮ್ದು, ಹುಡುಗರು ನಿಮ್ಮೋರು. ನಿಮ್ಮ ಮಾತೇ ಮಾತು. ಮುರುಗೇಶಪ್ಪನ್ನೇ ಕರ್ಕೊಂಡು ಹೋಗ್ತೀನಿ.

ಶಿವಗಂಗಮ್ಮನ ಮುಖ ಬಾಡಿತು. ಗಂಡನ ಮೇಲೆ ಅಷ್ಟು ಸಿಟ್ಟು ಅವರಿಗೆ ಮದುವೆಯಾದ ಮೇಲೆ ಬಂದಿರಲಿಲ್ಲ. ಬಂದಿದ್ದರೂ ಇಷ್ಟು ಹೊತ್ತು ನಿಂತಿರಲಿಲ್ಲ.

ಶಿವಗಂಗಮ್ಮ: ಗೆದ್ರಿ ಬಿಡ್ರಿ. ಆ ಹುಡುಗಂಗೆ ನೀವೇ ಹೋಗಿ ಹೇಳ್ರಿ. ಬೆಳಗಿಂದ ತಲೆಗೆ ಎಣ್ಣೆ ಹಚ್ಕಂಡು ಬಾಗಿಲಾಗೆ ನಿಂತವ್ನೆ.

ತಿಮ್ಮರಾಯಪ್ಪ: ಒಂದು ಸಣ್ಣ ಕೆಲಸ ಉಳೀತು ಉಸ್ತಾದ್ರೆ. ನಂದೊಂದು ಕಟ್ಟಳೆ ಇದೆ.

ಕೋಟಿನ ಜೇಬಿನಿಂದ ಒಂದು ತಗಡಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದರು. ನಶ್ಯವಿರಬೇಕೆಂದು ಉಸ್ತಾದರು ಎರಡು ಬೆರಳು ಮುಂದೆ ಮಾಡಿದರು. ಒಳಗೆ ಔಷಧಿ ಪೊಟ್ಟಣದಂತೆ ಮಡಿಸಿದ ಕಾಗದಗಳಿದ್ದವು. ಒಂದನ್ನು ಬಿಚ್ಚಿದರೆ ಒಂದು ಹಿಡಿ ಕೂದಲು.

ಪಂಚಾಕ್ಷರಪ್ಪ: ಏನಿದು?

ತಿಮ್ಮರಾಯಪ್ಪ: ಮೀಸೆ. ಹಿಂದೆಲ್ಲ ಉಸ್ತಾದ್ರ ಮಾತು ನಂಬಿ ಎಂತೆಂಥೋರನ್ನೋ ಕರ್ಕೊಂಡು ಹೋಗಿ ನಾನು ಬೈಸ್ಕೊಂಡೆ. ಈಗ ಹಾಗಿಲ್ಲ. ನೀವು ಮೆಚ್ಚಿದ ಹುಡುಗ ಮೊದಲನೇ ಕುಸ್ತೀಲೇ ಚಿತ್ ಆದ್ರೆ, ನಿಮ್ಮ ಒಂದು ಕಡೆ ಮೀಸೆ ನಂದು. ಎಲ್ಲಾ ಉಸ್ತಾದ್ರೂ ಒಪ್ಪಿ ರುಜು ಹಾಕವ್ರೆ.

ಶಿವಗಂಗಮ್ಮ: ಈ ನರೆತಿರೋದು ಯಾರ್ದು ಅಣ್ಣಾರೆ?

ತಿಮ್ಮರಾಯಪ್ಪ: ಹೊಳಲ್ಕೆರೆ ಉಸ್ತಾದ್ರದ್ದು ತಾಯಿ. ಒಳ್ಳೇ ಮನುಷ್ಯ. ಹೋದ ದಸರಾ ಆದ್ಮೇಲೆ ಮೂರು ತಿಂಗ್ಳು ಹಲ್ಲುನೋವು ಅಂತ ಮುಖಕ್ಕೆ ವಸ್ತ್ರ ಕಟ್ಕೊಂಡು ತಿರುಗಿದ್ರು. ಈ ಕರೀದು ಹೊಸದುರ್ಗದ್ದು.

ಪಂಚಾಕ್ಷರಪ್ಪ: ಒಂದೇ ಕಡೇದು ತಗಂತೀರಾ?

ತಿಮ್ಮರಾಯಪ್ಪ: ಒಂದೇ ಕಡೆ. ಎರಡೂ ತಗೊಂಡ್ರೆ ಜನ ಏನೋ ಸೂತಕ ಅಂದ್ಕೊಂಡು ಸುಮ್ಮನಾಗ್ತಾರೆ.

ಉಸ್ತಾದರ ಕೈ ತಾನಾಗಿ ಮೂಗಿನ ಕೆಳಗೆ ಹೋಯಿತು. ಎಡಗಡೆ ಸವರಿದರು, ಬಲಗಡೆ ಸವರಿದರು. ಯಾವುದನ್ನೂ ಬಿಟ್ಟುಕೊಡುವ ಮನಸ್ಸಾಗಲಿಲ್ಲ.

ಪಂಚಾಕ್ಷರಪ್ಪ: ಮುರುಗೇಶಪ್ಪ... ಗಂಭೀರವೇ. ಆದ್ರೆ ಕೋಟೆ ಹತ್ತಿಸಿದ್ರೆ ಎರಡನೇ ಬಾಗ್ಲಾಗೇ ಕುಂತ್ಕಂತಾನೆ.

ತಿಮ್ಮರಾಯಪ್ಪ: ಮೈಸೂರಲ್ಲಿ ಕೋಟೆ ಹತ್ತಿಸೋದಿಲ್ಲ ಬುಡಿ.

ಪಂಚಾಕ್ಷರಪ್ಪ: ಯಾರಾದ್ರೂ ಕೈ ಹಿಡಿದ್ರೆ, ಬಿಡಪ್ಪ ನೋಯ್ತೈತೆ ಅಂತಾನೆ.

ತಿಮ್ಮರಾಯಪ್ಪ: ಹಾಗಾದ್ರೆ ಇನ್ಯಾರು? ಆ ಜುಂಜಪ್ಪಂಗೆ ಮಂಡಿ ನೋವು.

ಪಂಚಾಕ್ಷರಪ್ಪ: ವಾಸಿ ಆತು.

ತಿಮ್ಮರಾಯಪ್ಪ: ಯಾವಾಗ?

ಪಂಚಾಕ್ಷರಪ್ಪ: ಈಗ.

ತಿಮ್ಮರಾಯಪ್ಪ: ಕಚಗುಳಿ?

ಪಂಚಾಕ್ಷರಪ್ಪ: ಅವನ ಪಕ್ಕೆಗೆ ಕೈ ಹಾಕೋವರೆಗೂ ಯಾರು ನಿಂತಿರ್ತಾರೆ ಸ್ವಾಮಿ! ಹೇಳ್ಬಿಡ್ತೀನಿ, ಕೇಳ್ರಿ. ಸತ್ತ ಜುಂಜಪ್ಪನೂ ಇವನೇ, ಬದುಕಿರೋನೂ ಇವನೇ. ಹತ್ತು ವರ್ಷ ನನ್ನ ಕೈಲೇ ಪಳಗಿಸೀನಿ. ಇಂಥ ಹುಡುಗ ಈ ಗರಡಿಯಾಗೆ ಇನ್ನೊಬ್ಬ ಹುಟ್ಟಲ್ಲ. ಇವನ ಮೇಲೆ ಒಂದು ಕಡೆ ಯಾಕೆ, ಎರಡೂ ಕಡೆ ಮೀಸೆ ಇಡ್ತೀನಿ. ತರ್ರಿ ಕಾಗದ!

ಹೇಳುತ್ತ ಹೇಳುತ್ತಲೇ ಉಸ್ತಾದರು ರುಜು ಹಾಕಿದರು. ಶಿವಗಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ತಿಮ್ಮರಾಯಪ್ಪ ಮಾತ್ರ ಮಸಿ ಒಣಗುವ ಮುಂಚೆಯೇ ಕಾಗದ ಎಳೆದುಕೊಂಡು ಜೇಬಿಗೆ ಹಾಕಿದರು. ಬಾಗಿಲಾಚೆ ಜುಂಜಪ್ಪ ಸುದ್ದಿ ಕೇಳಿ ಕೂಗಿದ ಕೂಗಿಗೆ ಗಾಡಿಯ ಎತ್ತುಗಳು ಬೆದರಿದವು.

ಶಿವಗಂಗಮ್ಮ: ಈಗ ನೀವು ಗಂಡಸು ಅನ್ನಿಸ್ಕಂಡ್ರಿ.

ಪಂಚಾಕ್ಷರಪ್ಪ: ಗಂಡಸಾದೆ, ಗದೆ ಹೋತು. ವಿಜಯದಶಮಿ ದಿನ ಮುರುಗೇಶಪ್ಪನ್ನ ಇಳಿಸಿದ್ರೆ ಹಿರಿಯೂರೋರು ಅವನ್ನ ಉರುಳಿಸ್ಕಂಡೇ ಅವರೂರಿಗೆ ಹೋಗ್ತಾರೆ. ನಾಕನೇ ವರ್ಷ! ನಾನು ಯಾವ ಮುಖ ಇಟ್ಕಂಡು ಪ್ಯಾಟೆಯಾಗೆ ತಿರುಗಲಿ?

ತಿಮ್ಮರಾಯಪ್ಪ: ಹಿರಿಯೂರೇ? ನಾನು ಮೊನ್ನೆ ಅಲ್ಲೇ ಇದ್ದೆ ಕಣ್ರೀ. ಅವರ ದೊಡ್ಡ ಪೈಲ್ವಾನನ್ನ ನಿನ್ನೇನೇ ಮೈಸೂರಿಗೆ ಕಳಿಸ್ಕೊಟ್ಟೆ.

ಉಸ್ತಾದರು ಜಗಲಿಯಿಂದ ಎದ್ದೇ ನಿಂತರು.

ಪಂಚಾಕ್ಷರಪ್ಪ: ಹಿಂಗೇ... ಡಬ್ಬಿ ತೋರಿಸೇನಾ?

ತಿಮ್ಮರಾಯಪ್ಪ: ಮತ್ತೆ? ಆ ಉಸ್ತಾದ್ರು ಇನ್ನೊಬ್ಬನ್ನ ಒಂದು ಗಂಟೆ ಹೊಗಳಿದ್ರು. ಈಗ ಅವರಿಗೆ ಅವನೊಬ್ಬನೇ ಗತಿ. ಎಣ್ಣೆ ಗಾಣದೋರ ಮಗ, ಅಖಾಡಕ್ಕೆ ಇಳಿಸೋಕೇ ಇಬ್ಬರು ಬೇಕು. ನಿಮ್ಮ ಮುರುಗೇಶಪ್ಪನಂಥೋನೇ.

ಪಂಚಾಕ್ಷರಪ್ಪ: ಅವನಿಗೆ ಪಟ್ಟು ಗೊತ್ತೋ?

ತಿಮ್ಮರಾಯಪ್ಪ: ಅಪ್ಪಿಕೊಳ್ಳೋದು ಒಂದು ಗೊತ್ತು. ಆಮೇಲೆ ಯಾರು ಮೇಲೆ ಬೀಳ್ತಾರೋ ಅವರು ಗೆದ್ದಂಗೆ.

ಪಂಚಾಕ್ಷರಪ್ಪ: ತೂಕ?

ತಿಮ್ಮರಾಯಪ್ಪ: ನಿಮ್ಮೋನಿಗಿಂತ ಐದಾರು ಸೇರು ಹೆಚ್ಚೇ ಇರ್ಬೇಕು.

ಉಸ್ತಾದರು ಬೆರಳು ಮಡಿಸಿ ವಿಜಯದಶಮಿಗೆ ಉಳಿದ ದಿನ ಎಣಿಸಿದರು. ಇಪ್ಪತ್ತೆರಡು. ಬೀಳ್ಕೊಡಬೇಕಾದ ಅತಿಥಿಯನ್ನು ಅಲ್ಲೇ ಬಿಟ್ಟು ಅಡುಗೆಮನೆಯ ಕಡೆ ಓಡಿದರು.

ಪಂಚಾಕ್ಷರಪ್ಪ: ಲೇ ಶಿವಗಂಗಿ, ದೊಡ್ಡ ಮಡಕೇಲಿ ಮುದ್ದೆಗೆ ಎಸರಿಡೇ! ಇವತ್ತಿಂದ ಮುರುಗೇಶಪ್ಪಂಗೆ ದಂಡ ಇಲ್ಲ, ಬಸ್ಕಿ ಇಲ್ಲ. ಅವನು ನಡೆದಾಡಿದ್ದು ಕಂಡ್ರೂ ಕಾಲು ಮುರೀತೀನಿ!