ನಿದ್ದೆ ನಮ್ಮ ಜವಾಬ್ದಾರಿ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಆಕಳಿಕೆ. ಬೇರೆ ಯಾರಾದರೂ ಆಕಳಿಸಿದ್ದರೆ ಬೀದಿಯಲ್ಲಿ ಒಬ್ಬರೂ ತಿರುಗಿ ನೋಡುತ್ತಿರಲಿಲ್ಲ. ಆದರೆ ಆಕಳಿಸಿದವನು ದಿಂಬಣ್ಣ. ಅದೂ ತನ್ನದೇ ಹಾಸಿಗೆ ಅಂಗಡಿಯ ಬಾಗಿಲಲ್ಲಿ, ‘ನೀವು ಮಲಗಿ ಸಾಕು, ನಿದ್ದೆ ನಮ್ಮ ಜವಾಬ್ದಾರಿ’ ಎಂದು ದೊಡ್ಡಕ್ಷರದಲ್ಲಿ ಬರೆಸಿದ ಬೋರ್ಡಿನ ಕೆಳಗೆ ನಿಂತು.

ನಿಜ ಸಂಗತಿ ಏನೆಂದರೆ, ಹಾಸಿಗೆ ಹೊಲಿಯುವವನಿಗೇ ನಿದ್ದೆ ಬರುತ್ತಿರಲಿಲ್ಲ. ಕಣ್ಣಿಗೆ ಕಣ್ಣು ಹತ್ತದೆ ತಿಂಗಳಾಗಿತ್ತು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ದಿಂಬಣ್ಣನಿಗೆ ಇದ್ದ ಚಿಂತೆ ಒಂದೇ, ನಿದ್ದೆ ಬರುತ್ತಿಲ್ಲವಲ್ಲ ಎಂಬುದು. ಈ ಗುಟ್ಟು ಬೀದಿಗೆ ತಿಳಿದರೆ ಅಂಗಡಿಗೆ ಬೀಗ ಬಿದ್ದಂತೆಯೇ. ತನ್ನ ಅಡುಗೆಯನ್ನು ತಾನೇ ತಿನ್ನದವನ ಹೋಟೆಲಿಗೆ ಯಾರು ತಾನೇ ಹೋಗುತ್ತಾರೆ?

ಬೆಳಿಗ್ಗೆ ಹೆಂಡತಿ ಕೇಳಿದ್ದಳು, “ರಾತ್ರಿ ನಿದ್ದೆ ಬಂತೇನ್ರೀ?”

“ಇಲ್ಲ ಕಣೇ.”

“ನಂಗೂ ಅಷ್ಟೇ, ಒಂಚೂರೂ ಬರಲಿಲ್ಲ,” ಅಂದಳು, ರಾತ್ರಿಯಿಡೀ ಗೊರಕೆಯಿಂದ ಮಂಚ ಅಲ್ಲಾಡಿಸಿದ ಮಹಾತಾಯಿ. ಗೊರಕೆಯೇನೋ ಮದುವೆಯಷ್ಟೇ ಹಳೆಯದು. ದಿಂಬಣ್ಣನಿಗೆ ಅದು ಕೇಳಿಸತೊಡಗಿದ್ದು ಮಾತ್ರ ಹೊಸದು.

ನಿದ್ದೆಗೆಟ್ಟ ಕಣ್ಣಿಗೆ ಬೀದಿಯೆಲ್ಲ ಹಿಂಜಿದ ಹತ್ತಿಯ ಹಿಂದೆ ಇದ್ದ ಹಾಗೆ ಕಾಣುತ್ತಿತ್ತು. ಜನ ನಡೆಯುತ್ತಿರಲಿಲ್ಲ, ತೇಲುತ್ತಿದ್ದರು. ಮಾತುಗಳು ದಿಂಬಿನ ಒಳಗಿಂದ ಬಂದಂತೆ ಮೆತ್ತಗೆ ಬರುತ್ತಿದ್ದವು. ಆ ಮಬ್ಬಿನೊಳಗಿಂದ ಎದುರು ಅಂಗಡಿಯ ಕನ್ನಡಕದವನು ತೇಲಿ ಬಂದ. ಊರವರ ಕಣ್ಣು ನೋಡುವುದೇ ಅವನ ಕಸುಬು. ಬಿಡುತ್ತಾನೆಯೇ?

“ಏನ್ ದಿಂಬಣ್ಣಾ, ಬೆಳಿಗ್ಗೇನೇ ಆಕಳಿಕೆ? ಕಣ್ಣು ಬೇರೆ ಕೆಂಡ ಆಗಿದೆ! ರಾತ್ರಿ ನಿದ್ದೆ ಮಾಡಿಲ್ವಾ?”

ಒಳಗೆ ಹಾಸಿಗೆ ಒತ್ತಿ ನೋಡುತ್ತಿದ್ದ ಗಿರಾಕಿ ಹೆಂಗಸು ತಟ್ಟನೆ ತಲೆಯೆತ್ತಿದಳು. ದಿಂಬಣ್ಣ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

“ನಿದ್ದೆ ಎಲ್ಲಿಗೆ ಹೋಗುತ್ತೆ? ಕರೆದ್ರೆ ಬರುತ್ತೆ. ನಾನೇ ಬೇಡ ಅಂತ ರಾತ್ರಿಯೆಲ್ಲ ಧ್ಯಾನ ಮಾಡ್ತಾ ಕೂತಿದ್ದೆ.”

ಕನ್ನಡಕದವನು ಅವನ ಎರಡೂ ಕೈ ಹಿಡಿದುಕೊಂಡ. “ಅಯ್ಯೋ ಪುಣ್ಯಾತ್ಮ, ಮೊದಲೇ ಹೇಳ್ಬಾರ್ದಾ! ಇವತ್ತು ಶಾಲೆ ಹಾಲ್‌ನಲ್ಲಿ ನಾನೇ ವಿಪಸ್ಸನ ಧ್ಯಾನದ ಶಿಬಿರ ಇಡಿಸಿದೀನಿ. ಕಲಿಸೋಕೆ ದೊಡ್ಡಮ್ಮ ಅಂತ ಒಬ್ಬ ಗುರುಗಳು ಬಂದಿದಾರೆ. ನಾನು ಮಾರೋದು ಹೊರನೋಟ, ಅವರು ಕೊಡೋದು ಒಳನೋಟ. ನಡೀರಿ, ನಡೀರಿ. ಹಾಗೇ ಎಲ್ಲರಿಗೂ ಕೂರೋಕೆ ದಿಂಬು ತಗೊಂಡ್ ಬನ್ನಿ.”

ಹೀಗೆ ದಿಂಬಣ್ಣ ತಲೆಯ ಮೇಲೆ ದಿಂಬುಗಳ ಗೋಪುರ ಹೊತ್ತು, ಮಾಡಿದ್ದುಣ್ಣೋ ಮಹರಾಯ ಎಂದುಕೊಳ್ಳುತ್ತ ಹೊರಟ.

ದೊಡ್ಡಮ್ಮ ಕತ್ತರಿಸಿದ ಬಿಳಿಗೂದಲಿನ ಸಣ್ಣ ಜೀವ. ಎಲ್ಲೆಲ್ಲೋ ಕಾಡಿನ ಆಶ್ರಮಗಳಲ್ಲಿ ಬೌದ್ಧ ಭಿಕ್ಷುಗಳ ಬಳಿ ವರ್ಷಗಟ್ಟಲೆ ಕಲಿತವರಂತೆ. ಮಾತು ಮಾತ್ರ ಮನೆಯ ಅಜ್ಜಿಯದು.

“ಒಳನೋಟ ಅಂದ್ರೆ ಮಾಯ ಮಂತ್ರ ಏನಲ್ಲ. ಇದ್ದದ್ದನ್ನ ಇದ್ದ ಹಾಗೆ ನೋಡೋದು. ಉಸಿರು ಬಂತು, ನೋಡಿ. ಹೋಯ್ತು, ನೋಡಿ. ಮಂಡಿ ನೋಯ್ತಾ? ಓಡಿಸಬೇಡಿ, ಮಣೆ ಹಾಕಿ ಕೂರಿಸಲೂ ಬೇಡಿ. ಬಂದ ನೆಂಟರು ತಾವಾಗೇ ಹೋಗ್ತಾರೆ. ನನಗೆ ನಮ್ಮ ಗುರುಗಳು ಹೇಳಿದ್ದು ಇಷ್ಟೇ. ಅವರಿಗೆ ಅವರ ಗುರುಗಳು. ಹಾಗೇ ಹಿಂದೆ ಹಿಂದೆ ಹೋದ್ರೆ ಬುದ್ಧ. ಬುದ್ಧ ಅಂದ್ರೆ ಏನು? ಎಚ್ಚರಗೊಂಡವನು.”

ದಿಂಬಣ್ಣನ ಕಿವಿ ನೆಟ್ಟಗಾಯಿತು. ಎಚ್ಚರವಾಗಿರುವುದೇ ದೊಡ್ಡ ವಿಷಯವಾದರೆ ತಾನು ತಿಂಗಳಿನಿಂದ ಅದರಲ್ಲೇ ಇದ್ದೇನಲ್ಲ! ಸುಖವೊಂದು ಕಾಣೆ.

ಅಷ್ಟರಲ್ಲಿ ಕನ್ನಡಕದವನು ಎದ್ದು ನಿಂತ. “ಅಮ್ಮಾ, ಇವರು ರಾತ್ರಿಯೆಲ್ಲ ಧ್ಯಾನದಲ್ಲಿರ್ತಾರೆ!”

ಹಾಲಿನ ತುಂಬ ಇದ್ದ ತಲೆಗಳೆಲ್ಲ ತಿರುಗಿದವು.

“ಹೌದೇನಪ್ಪಾ? ಏನನ್ನ ನೋಡ್ತೀಯಾ?” ದೊಡ್ಡಮ್ಮ ಕೇಳಿದರು.

“ಉಸಿರನ್ನೇ ಅಮ್ಮಾ.” ಯಾರ ಉಸಿರು ಎಂದು ಅವರು ಕೇಳಲಿಲ್ಲ, ಇವನೂ ಹೇಳಲಿಲ್ಲ. “ಏರುತ್ತೆ, ಇಳಿಯುತ್ತೆ. ಒಂದೊಂದ್ಸಲ ನಿಂತೇ ಹೋಗುತ್ತೆ. ಸದ್ಯ, ಮುಗೀತು ಅಂದ್ಕೊಳ್ತೀನಿ. ಮತ್ತೆ ಶುರುವಾಗುತ್ತೆ.”

“ತಡೆಯೋಕೆ ಹೋಗಲ್ವಾ?”

“ಮೊದಮೊದಲು ಹೋಗ್ತಿದ್ದೆ. ಒದೆ ಬಿತ್ತು. ಈಗ ಸುಮ್ನೆ ಕೇಳಿಸ್ಕೊಳ್ತೀನಿ.”

“ಕೋಪ ಬರಲ್ವಾ?”

“ಬರುತ್ತಮ್ಮಾ. ಬೆಳಗಾಗೋ ಹೊತ್ತಿಗೆ ಅದಕ್ಕೂ ಸುಸ್ತಾಗುತ್ತೆ.”

ಹಾಲಿನಲ್ಲಿ ಯಾರೋ ಆಹಾ ಎಂದರು. “ಮತ್ತೆ ಈ ನಾನು ಅನ್ನೋದು?” ಎಂದು ದೊಡ್ಡಮ್ಮ ಮುಂದಕ್ಕೆ ಬಾಗಿದರು.

“ಆ ಹೊತ್ತಲ್ಲಿ ನಾನು ಎಲ್ಲಿರ್ತೀನಮ್ಮಾ? ಮಂಚದ ಅಂಚಲ್ಲಿ ಒಂದು ಗೇಣು ಜಾಗ, ಅಷ್ಟೇ.”

ಕನ್ನಡಕದವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ದೊಡ್ಡಮ್ಮ ದಿಂಬಣ್ಣನ ಕೆಂಗಣ್ಣನ್ನೇ ಒಂದು ಗಳಿಗೆ ನೋಡಿ ಗಂಟೆ ಬಾರಿಸಿದರು.

ಎಲ್ಲರೂ ಕಣ್ಣು ಮುಚ್ಚಿದರು. ದಿಂಬಣ್ಣನೂ ಮುಚ್ಚಿದ. ಮೂಗಿನ ತುದಿಯಲ್ಲಿ ಉಸಿರು ತಣ್ಣಗೆ ಒಳಗೆ ಹೋಯಿತು, ಬೆಚ್ಚಗೆ ಹೊರಗೆ ಬಂತು. ತನಗೂ ಒಂದು ಉಸಿರಿದೆ ಎಂಬುದನ್ನು ಅವನು ಮರೆತೇಬಿಟ್ಟಿದ್ದ. ಹೋಯಿತು, ಬಂತು. ಒಳಗೆಲ್ಲೋ ಹತ್ತಿ ಹಾರಿ ಮೋಡವಾಯಿತು. ಅಂಗಡಿ, ಬೋರ್ಡು, ಬೀದಿ ಒಂದೊಂದೇ ಅದರಲ್ಲಿ ಮುಳುಗಿದವು. ದೂರದಿಂದ ನಿದ್ದೆ ಬರುತ್ತಿತ್ತು, ಮುನಿಸಿಕೊಂಡು ಹೋಗಿದ್ದ ಬೆಕ್ಕು ಮನೆಗೆ ವಾಪಸು ಬರುವ ಹಾಗೆ, ಬೇಕೋ ಬೇಡವೋ ಎಂಬಂತೆ. ಬಂತು. ತೊಡೆಯ ಹತ್ತಿರ ನಿಂತಿತು. ಇನ್ನೇನು ಮೇಲೇರಿ ಮುದುಡಿಕೊಳ್ಳಬೇಕು.

“ದಿಂಬಣ್ಣಾ!” ಕನ್ನಡಕದವನು ಭುಜ ಹಿಡಿದು ಅಲ್ಲಾಡಿಸಿದ. “ಸಮಾಧಿ ಹತ್ತಿಬಿಡ್ತಾ? ನಮಗೂ ಒಂಚೂರು ಹೇಳಿ!”

ಬೆಕ್ಕು ಗೋಡೆ ಹಾರಿ ಓಡಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ದಿಂಬಣ್ಣನಿಗೆ ನಿಜವಾಗಿಯೂ ಅಳು ಬಂತು. ಅದು ಆನಂದಬಾಷ್ಪ ಎಂದು ಪಕ್ಕದ ಸಾಲಿನವರು ತಮ್ಮತಮ್ಮಲ್ಲೇ ತೀರ್ಮಾನಿಸಿದರು.

ಊಟದ ಬಿಡುವಿನಲ್ಲಿ ಅವನು ಯಾರ ಕಣ್ಣಿಗೂ ಬೀಳದೆ ಅಂಗಡಿಗೆ ಓಡಿಬಂದ. ಉಸ್ಸೆಂದು ಕೂರುವಷ್ಟರಲ್ಲಿ ಬಾಗಿಲಲ್ಲಿ ದೊಡ್ಡಮ್ಮ.

“ನಿಜ ಹೇಳು ಮಗಾ. ನಿಂದು ಧ್ಯಾನ ಅಲ್ಲ. ನಿದ್ದೆ ಬರಲ್ಲ, ಅಲ್ವಾ?”

ದಿಂಬಣ್ಣ ಹೊಲಿಗೆ ಬಿಟ್ಟ ದಿಂಬಿನಂತೆ ಕುಸಿದ. “ಹೌದಮ್ಮಾ. ದಯವಿಟ್ಟು ಯಾರಿಗೂ ಹೇಳ್ಬೇಡಿ, ಅಂಗಡಿ ಮುಳುಗುತ್ತೆ. ಏನಾದ್ರೂ ಒಂದು ದಾರಿ ತೋರಿಸಿ.”

ದೊಡ್ಡಮ್ಮ ಬೀದಿಯ ಕಡೆ ಒಮ್ಮೆ ಇಣುಕಿ ದನಿ ತಗ್ಗಿಸಿದರು. “ನಾನು ದಾರಿ ಕೇಳೋಕೇ ಬಂದೆ. ಊರೂರು ತಿರುಗಿ, ಸಿಕ್ಕಿದ ಚಾಪೆ ಮೇಲೆ ಮಲಗಿ ಸೊಂಟ ಹಿಡ್ಕೊಂಡಿದೆ. ನೋವು ಬಂತು, ನೋಡಿದೆ. ಈ ನೆಂಟ ಮಾತ್ರ ಹೋಗ್ತಾನೇ ಇಲ್ಲ. ನಂಗೂ ನಿದ್ದೆಯಿಲ್ಲ. ಬೆಳಿಗ್ಗೆ ನಿನ್ನ ಬೋರ್ಡ್ ಓದ್ದೆ. ಜವಾಬ್ದಾರಿ ನಿಂದೇ ತಾನೇ?”

ಅಷ್ಟು ಹೇಳಿ ಗಾಜಿನ ಹಿಂದೆ ಪ್ರದರ್ಶನಕ್ಕಿಟ್ಟಿದ್ದ ಹಾಸಿಗೆಯ ಮೇಲೆ ಕಾಲು ಚಾಚಿದರು. ಉಸಿರು ಹೋಯಿತು, ಬಂತು, ಆಮೇಲೆ ಗೊರಕೆಯಾಯಿತು. ಅಂಗಡಿಯ ಗಾಜು ಝೇಂಕರಿಸಿತು. ಅದರ ಮುಂದೆ ಹೆಂಡತಿಯದು ಜೋಗುಳ.

ದೊಡ್ಡಮ್ಮನನ್ನು ಹುಡುಕಿಕೊಂಡು ಕನ್ನಡಕದವನು ಇಡೀ ಶಿಬಿರವನ್ನೇ ಕರೆತಂದಾಗ ಒಳಗೆ ಅವರು ಮಗುವಿನಂತೆ ಮಲಗಿದ್ದರು. ದಿಂಬಣ್ಣ ಪಕ್ಕದಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತಿದ್ದ.

“ಬೋರ್ಡ್ ಸುಳ್ಳಲ್ಲ ಕಣ್ರೋ!” ಎಂದ ಕನ್ನಡಕದವನು. “ಮಲಗಿದೋರಿಗೆ ನಿದ್ದೆ, ಕೂತೋರಿಗೆ ಎಚ್ಚರ. ಎರಡೂ ಇದೇ ಅಂಗಡೀಲಿ!”

ಸಂಜೆಯೊಳಗೆ ಅಂಗಡಿಯಲ್ಲಿ ಒಂದು ದಿಂಬೂ ಉಳಿಯಲಿಲ್ಲ. ಗುಟ್ಟು ಉಳಿಯಿತು, ಅಂಗಡಿ ಉಳಿಯಿತು. ಇನ್ನು ಮನೆಗೆ ಹೋಗಿ ಸದ್ದಿಲ್ಲದ ಮೂಲೆಯಲ್ಲಿ ಕೂತು, ಬೆಳಿಗ್ಗೆ ಕಲಿತ ಹಾಗೆ ತನ್ನ ಉಸಿರನ್ನು ತಾನು ನೋಡಿದರೆ ಬೆಕ್ಕು ಮತ್ತೆ ಬಂದೀತು ಎಂಬ ಆಸೆಯಲ್ಲಿ ದಿಂಬಣ್ಣ ಹಗುರಾಗಿ ಹೆಜ್ಜೆ ಹಾಕಿದ.

ನಡುಮನೆಯಲ್ಲಿ ಅಂಗಡಿಯ ಗಾಜಿನ ಹಿಂದಿದ್ದ ಅದೇ ಹಾಸಿಗೆ ಹಾಸಿತ್ತು. ಅದರ ಮೇಲೆ ದೊಡ್ಡಮ್ಮ ಕೂತಿದ್ದರು.

“ನಾಳೆ ಹೊರಟಿದ್ರಂತೆ, ನಾನೇ ಬಿಡಲಿಲ್ಲ ರೀ. ನೀವು ವ್ಯಾಪಾರದ ಗಲಾಟೇಲಿದ್ದಾಗ ಹಾಸಿಗೆ ಸಮೇತ ಕರ್ಕೊಂಡ್ ಬಂದೆ,” ಎಂದಳು ಹೆಂಡತಿ ಸಡಗರದಿಂದ. “ಮಳೆಗಾಲ ಮುಗಿಯೋವರೆಗೂ ನಮ್ಮನೇಲೇ ಇರ್ತಾರೆ. ನಂಗೂ ನಿದ್ದೆ ಬರಲ್ಲ, ಜೊತೆ ಆಗುತ್ತೆ.”

ಈ ಕಡೆ ಮಂಚ, ಆ ಕಡೆ ಹಾಸಿಗೆ, ನಡುವೆ ಒಂದು ತೆಳ್ಳನೆಯ ಗೋಡೆ.

ದೊಡ್ಡಮ್ಮ ಆಗಲೇ ಮಗ್ಗುಲಾಗಿದ್ದರು. “ಹೆದರಬೇಡ ಮಗಾ,” ಎಂದರು ಕಣ್ಣು ಮುಚ್ಚುತ್ತ. “ಉಸಿರನ್ನ ನೋಡ್ತಾ ಇರು, ನಿದ್ದೆ ತಾನಾಗೇ ಬರುತ್ತೆ.”

“ಯಾರದನ್ನಮ್ಮಾ?” ಎಂದ ದಿಂಬಣ್ಣ.