ಕಾಕುವನ್ನು ಕೇಳದೆ ಮಾಡಿದ ಸಹಿ

ನಮ್ಮ ಕಾಕಾನಿಗೆ ಹಸಿವಾಗಿದೆಯೋ ಇಲ್ಲವೋ ಎಂಬುದು ಅವರ ಹೆಂಡತಿ, ಅಂದರೆ ನಮ್ಮ ಕಾಕುವಿಗೆ ಮಾತ್ರ ಗೊತ್ತು. ಉತ್ಪ್ರೇಕ್ಷೆ ಅಂದಿರಾ? ಮದುವೆಯ ಪಂಕ್ತಿಯಲ್ಲಿ "ಇನ್ನೊಂದು ಹೋಳಿಗಿ ಹಾಕ್ಲೇನ್ರಿ?" ಎಂದರೆ ಅವರು ತಮ್ಮ ಎಲೆ ನೋಡುವುದಿಲ್ಲ, ಎದುರು ಸಾಲಿನಲ್ಲಿ ಕುಳಿತ ಕಾಕುವಿನ ಹುಬ್ಬು ನೋಡುತ್ತಾರೆ!

ಕಾಕಾ ಧಾರವಾಡದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ನಾನೂ ಅವರ ವಿದ್ಯಾರ್ಥಿಯೇ. ಒಮ್ಮೆ ಪಾಠದಲ್ಲಿ 'ಅಂಡರ್ ದ ಥಂಬ್' ಎಂಬ ನುಡಿಗಟ್ಟು ಬಂತು.

"ಹೆಬ್ಬೆರಳಿನ ಕೆಳಗ. ಅಂದ್ರ, ಮತ್ತೊಬ್ಬರ ಅಂಕೆಯಾಗ ಇರೋದು" ಎಂದು ವಿವರಿಸಿದರು.

"ಒಂದು ಉದಾಹರಣೆ ಕೊಡ್ರಿ ಸರ್" ಎಂದಳು ಮುಂದಿನ ಬೆಂಚಿನ ಹುಡುಗಿ.

ಕಾಕಾ ಗಂಭೀರವಾಗಿ ಯೋಚಿಸಿದರು. "ಮನ್ಯಾಗ ಕೇಳಿಕೊಂಡು ಬಂದು ನಾಳೆ ಹೇಳ್ತೇನಿ!"

ನಿವೃತ್ತರಾಗಿ ಬೈರಿದೇವರಕೊಪ್ಪದಲ್ಲಿ ನೆಲೆಸಿದ ಮೇಲೂ ಅದೇ ಕತೆ. ಹೋದ ವರ್ಷ ಒಂದು ಬೆಳಿಗ್ಗೆ ಅವರ ಮನೆಗೆ ಹೋದೆ. ಕಾಕು ಹೊಟ್ಟೆ ಹಿಡಿದುಕೊಂಡು ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದರು, ಕಣ್ಣು ಮುಚ್ಚಿತ್ತು. ಕಾಕಾ ಪಕ್ಕದಲ್ಲಿ ನಿಂತು ಫೋನ್ ಹಚ್ಚುತ್ತಿದ್ದರು. ಕಟ್ಟೆಯ ಮೇಲೆ ಕಾಕುವಿನ ಫೋನೇ ರಿಂಗಾಗುತ್ತಿತ್ತು!

"ಕಾಕಾ, ಯಾರಿಗೆ ಫೋನ್ ಮಾಡಾಕತ್ತೀರಿ?"

"ಏನ್ ಮಾಡಬೇಕಂತ ನಿಮ್ಮ ಕಾಕುನ್ನ ಕೇಳಾಕತ್ತೇನಿ. ಎತ್ತವಲ್ಲಳು!"

ನನಗೆ ನಗು ಬರಲಿಲ್ಲ. ಅವರ ಕೈಯಿಂದ ಫೋನ್ ತೆಗೆದುಕೊಂಡು ಆಂಬುಲೆನ್ಸಿಗೆ ಹಚ್ಚಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ಒಂದು ಕಾಗದ ಮುಂದೆ ಹಿಡಿದರು. "ಅಪೆಂಡಿಕ್ಸ್ ಒಡದದ. ಲಗೂನ ಆಪರೇಶನ್ ಆಗಬೇಕು. ವಯಸ್ಸಾಗ್ಯದ, ಅಪಾಯ ಇಲ್ಲಂತ ನಾ ಹೇಳಾಂಗಿಲ್ಲ. ಸಹಿ ಮಾಡ್ರಿ."

"ಆಕಿನ್ನ ಒಂದು ಮಾತು ಕೇಳಿ..."

"ಅವರಿಗೆ ಎಚ್ಚರಿಲ್ರಿ ಸರ. ನೀವ ಹೇಳಬೇಕು."

ಕಾಕಾ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅಂಗಿಯ ಬಣ್ಣವನ್ನೂ ಎಂದೂ ತಾವಾಗಿ ಆರಿಸದ ಮನುಷ್ಯ ಪೆನ್ನು ತೆಗೆದುಕೊಂಡು ಸಹಿ ಮಾಡಿದರು. ಆಮೇಲೆ ಮೂರು ತಾಸು ವರಾಂಡದಲ್ಲಿ ಅಡ್ಡಾಡಿದರು. "ಆಕಿ ಬ್ಯಾಡ ಅಂತಿದ್ದಳೋ ಏನೋ!" ಎಂಬುದೊಂದೇ ಮಾತು. ನಾನು ಕೊಟ್ಟ ಚಹಾ ಕೈಯಲ್ಲೇ ಆರಿಹೋಯಿತು.

ಸಂಜೆ ಕಾಕು ಕಣ್ಣು ತೆರೆದರು. "ಆಪರೇಶನ್‌ಗೆ ಹೂಂ ಅಂದವರು ಯಾರು?"

"ನಾನ" ಎಂದರು ಕಾಕಾ, ತಪ್ಪು ಮಾಡಿದವರಂತೆ. "ನಿನ್ನ ಕೇಳಲಿಲ್ಲ."

ಕಾಕು ಅವರನ್ನೇ ನೋಡಿದರು. "ಛಲೋ ಮಾಡಿದ್ರಿ. ನನ್ನ ಕೇಳಿದ್ರ ಅಂಜಿ ಬ್ಯಾಡ ಅಂತಿದ್ದೆ."

ಕಾಕಾ ಮಂಚದ ಅಂಚನ್ನು ಬಿಗಿಯಾಗಿ ಹಿಡಿದುಕೊಂಡರು.

"ಈಗ ಸ್ವಲ್ಪ ಅಳಲೇನು?"

"ಅಳ್ರಿ" ಎಂದು ಕಾಕು, ಸಲೈನಿನ ಸೂಜಿ ಇಲ್ಲದ ಕೈಯನ್ನು ಅವರತ್ತ ಚಾಚಿದರು.