ಮಾವನವರ ರೈಫಲ್ಲು ರಿಪೇರಿ ಮಾಡಿದ್ದು

ಕೆಟ್ಟು ಕೂತ ವಸ್ತು ಕಣ್ಣಿಗೆ ಬಿದ್ದರೆ ಸುಮ್ಮನಿರಲಾಗದ ಜಾಯಮಾನದವರು ಕೆಲವರಿರುತ್ತಾರೆ. ಮದುವೆಗೆ ಹೋದರೆ ಎಲೆ ಹಾಕುವಷ್ಟರಲ್ಲಿ ಆ ಮನೆಯ ನಿಂತ ಗಡಿಯಾರವನ್ನು ಬಿಚ್ಚಿ ಹರಡಿಕೊಂಡು ಕೂತಿರುತ್ತಾರೆ. ಸಾವಿನ ಮನೆಯಲ್ಲೂ ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಕೇಳುತ್ತಾರೆ. ನಾನು ಆ ಪೈಕಿ. ಐವತ್ತರ ದಶಕದಲ್ಲಿ, ರಾಜಾಜಿನಗರದಲ್ಲಿ ಮನೆಗಳಿಗಿಂತ ಕಲ್ಲು ನೆಟ್ಟ ಖಾಲಿ ಸೈಟುಗಳೇ ಹೆಚ್ಚಾಗಿದ್ದ ಕಾಲದಲ್ಲಿ, ಅಲ್ಲಿನ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗವಾಗಿತ್ತು. ಹಗಲೆಲ್ಲ ತಪ್ಪು ಹುಡುಕಿ ಸಂಬಳ ತರುವ ಮನುಷ್ಯ ಸಂಜೆ ಮನೆಯಲ್ಲಿ ಅದೇ ಕೆಲಸವನ್ನು ಪುಕ್ಕಟೆಯಾಗಿ ಮುಂದುವರಿಸುತ್ತಾನೆ ಎಂದು ನನ್ನ ಹೆಂಡತಿ ಜಯ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಅವಳ ಸೀಮೆಎಣ್ಣೆ ಸ್ಟವ್ವಿಗೆ ನಾನು ಕೈ ಹಾಕಿದ ಮೇಲೆ ಅದರಲ್ಲಿ ಒಂದು ಲೋಟ ಕಾಫಿಯೂ ಕಾಯಲಿಲ್ಲವೆಂಬುದು ನಿಜ. ಆ ಕಥೆ ಇಲ್ಲಿ ಬೇಡ.

ಜಯಳ ತಂದೆ, ಅಂದರೆ ನನ್ನ ಮಾವನವರು, ಕೆಂಗೇರಿಯ ಹಳೆಯ ಒಕ್ಕಲು. ಅವರ ಹತ್ತಿರ ಲೈಸೆನ್ಸ್ ಇದ್ದ ಒಂದು ಪಾಯಿಂಟ್ ಟೂ ಟೂ ರೈಫಲ್ಲಿತ್ತು. ಕಡಲೆಕಾಯಿ ಹೊಲಕ್ಕೆ ನುಗ್ಗುವ ಹಂದಿಗಳಿಗೆ ಆ ಸಣ್ಣ ಗುಂಡು ಕಚಗುಳಿ ಇಟ್ಟ ಹಾಗಾಗುತ್ತಿತ್ತೇ ಹೊರತು ಹೆಚ್ಚಿನ ತೊಂದರೆ ಕೊಟ್ಟದ್ದನ್ನು ನಾನು ಕಾಣೆ. ಆದರೂ ಅವರನ್ನು ಊರಿನವರು ಕೋವಿ ಗೌಡರೆಂದೇ ಕರೆಯುತ್ತಿದ್ದರು. ಆಯುಧಪೂಜೆಯ ದಿನ ನೇಗಿಲು, ಕುಡುಗೋಲು, ಗಾಡಿಗಳ ಜೊತೆ ರೈಫಲ್ಲಿಗೂ ತೋಟಾಗಳಿಗೂ ಪೂಜೆ. ಮರುದಿನ ವಿಜಯದಶಮಿಯ ಬೆಳಿಗ್ಗೆ ಹೊಲದ ಬದುವಿನ ಮೇಲೆ ತೆಂಗಿನಕಾಯಿ ಇಟ್ಟು, ನೆಂಟರಿಷ್ಟರ ಎದುರು ಅವರು ಒಂದೇ ಗುಂಡಿಗೆ ಒಡೆಯಬೇಕು. ಆಮೇಲೇ ಆ ಮನೆಯ ಗಾಡಿ ಹೊರಡಬೇಕು. ಹೀಗೆ ನಡೆದುಕೊಂಡು ಬಂದದ್ದು, ಎರಡು ವರ್ಷದಿಂದ ಕೆಟ್ಟುಹೋಯಿತು. ಟ್ರಿಗರ್ ಎಳೆದರೆ ಟಿಕ್ ಅನ್ನುವುದು, ಅಷ್ಟೆ. ಹಿಂದಿನ ವರ್ಷವಂತೂ ಅವರ ಭಾವಮೈದುನ ಬೋರೇಗೌಡರು, "ಏನ್ ಭಾವ, ನಿಮ್ ಕೋವಿಗೆ ಗಂಟ್ಲು ಕಟ್ಟೈತಾ?" ಎಂದು ಎಲ್ಲರನ್ನೂ ನಗಿಸಿಬಿಟ್ಟರು. ಮಾವನವರೂ ನಕ್ಕು, "ಅದಕ್ಕೂ ವಯಸ್ಸಾಯ್ತು ಕಣಪ್ಪ. ಬರೋ ವರ್ಷವೂ ಹಾರ್ದಿದ್ರೆ ತಗೊಂಡೋಗಿ ಸ್ಟೇಷನ್‌ಗೆ ಕೊಟ್ಬಿಡ್ತೀನಿ" ಎಂದರು.

ನನಗೆ ತಡೆಯಲಾಗಲಿಲ್ಲ. ಅಂಥ ಮನುಷ್ಯನನ್ನು ಒಂದು ಟಿಕ್ ಸದ್ದು ನಗೆಪಾಟಲು ಮಾಡುವುದೆಂದರೇನು? ಭಾನುವಾರ ಬಂತೆಂದರೆ ಕೆಂಗೇರಿಯ ರೈಲು ಹತ್ತತೊಡಗಿದೆ. "ಬಿಡಿ ಅಳಿಯಂದ್ರೇ, ನಿಮಗ್ಯಾಕೆ ಈ ಕಷ್ಟ, ಬನ್ನಿ ಊಟ ಮಾಡಿ" ಎಂದು ಮಾವನವರು ಪ್ರತಿ ಸಲವೂ ತಡೆದರು. ದಾಕ್ಷಿಣ್ಯಕ್ಕೆ ಹಾಗನ್ನುತ್ತಾರೆಂದುಕೊಂಡೆ. ಈ ಸಣ್ಣ ತೋಟಾಗಳ ಸಿಡಿಮದ್ದು ತಳದ ನಡುವೆ ಇರುವುದಿಲ್ಲ, ಸುತ್ತಲಿನ ಅಂಚಿನೊಳಗೆ ಇರುತ್ತದೆ. ಪಿನ್ನು ಅಂಚಿಗೆ ಬಡಿದರೆ ಹೊತ್ತಿಕೊಳ್ಳುತ್ತದೆ. ನಾನು ಮಣ್ಣಿನ ದಿಬ್ಬಕ್ಕೆ ಗುರಿಯಿಟ್ಟು ಟ್ರಿಗರ್ ಎಳೆದು, ಟಿಕ್ ಎಂದಮೇಲೂ ಹಾಗೇ ಹಿಡಿದು ಕಾಯುತ್ತಿದ್ದೆ, ತಡವಾಗಿ ಸಿಡಿಯುವ ತುಂಟ ತೋಟಾಗಳೂ ಇರುತ್ತವಲ್ಲ. ಆಮೇಲೆ ಹೊರಗೆ ತೆಗೆದು ನೋಡಿದರೆ ಅಂಚಿನ ಮೇಲೆ ಪಿನ್ನಿನ ಗುರುತು ಚೆನ್ನಾಗಿಯೇ ಬಿದ್ದಿತ್ತು. ಅಂದರೆ ರೈಫಲ್ಲಿನ ತಪ್ಪಲ್ಲ. ಅವೇ ತೋಟಾಗಳನ್ನು ಸ್ವಲ್ಪ ತಿರುಗಿಸಿ ಹಾಕಿದರೆ ಕೆಲವು ಹಾರಿದವು. ಒಂದು ಮಾತ್ರ ಪುಸ್ ಎಂದಿತು. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿದ್ದರೆ ಮುಂದಿನದನ್ನು ಹಾರಿಸಿದವನ ಗತಿ ಗೋವಿಂದ ಎಂದು ಹೆದರಿ, ಬೋಲ್ಟು ಬಿಚ್ಚಿ ನಳಿಗೆಯೊಳಗೆ ಬೆಳಕು ಕಾಣುವವರೆಗೂ ಮುಂದಕ್ಕೆ ಹೋಗಲಿಲ್ಲ. ಕೊನೆಗೆ ಒಂದು ಹಾರದ ತೋಟಾವನ್ನು ಮೂಗಿನ ಹತ್ತಿರ ಹಿಡಿದೆ. ಚಟ್ನಿಪುಡಿ ಕಲಸಿಕೊಳ್ಳುವ ಎಳ್ಳೆಣ್ಣೆಯ ವಾಸನೆ!

ವಿಚಾರಿಸಿದಾಗ ಅತ್ತೆಯವರು ಹೇಳಿದರು: ಮಾವನವರು ಆಯುಧಪೂಜೆಗೆ ತೋಟಾಗಳನ್ನೆಲ್ಲ ಬಟ್ಟಲಿಗೆ ಹಾಕಿ, ಮುಳುಗುವಷ್ಟು ಎಣ್ಣೆ ಹೊಯ್ದು, ಮರುದಿನದವರೆಗೆ ದೇವರ ಮುಂದೆ ಇಡುತ್ತಾರೆ. ಮೊದಲು ಕುಂಕುಮ ಮಾತ್ರ ಇಡುತ್ತಿದ್ದರಂತೆ, ಈಚೆಗೆ ಭಕ್ತಿ ಹೆಚ್ಚಿದೆಯಂತೆ. ಎಣ್ಣೆ ಒಳಗೆ ಇಳಿದು ಮದ್ದು ಸತ್ತಿದೆ! ರೋಗ ಸಿಕ್ಕಿದ ಡಾಕ್ಟರಂತೆ ನಾನು ಹಿಗ್ಗಿದೆ. ಜಯ ಮಾತ್ರ, "ರೀ, ಅಪ್ಪನ ಹತ್ರ ಪೂಜೆಯಿಂದ ಕೆಡ್ತು ಅಂತ ಹೇಳ್ಬೇಡಿ, ನೊಂದ್ಕೋತಾರೆ" ಎಂದಳು. ಸರಿ, ಹೇಳದೆಯೇ ಸರಿಪಡಿಸುವುದೆಂದು ತೀರ್ಮಾನಿಸಿದೆ. ಮಾವನವರಿಗೆ ಕಾಟ ಕೊಟ್ಟು ಪೇಟೆಗೆ ಕರೆದೊಯ್ದು ಹೊಸ ತೋಟಾ ಕೊಡಿಸಿದೆ. ಅವನ್ನೂ ಅವರು ಪೂಜೆಗೆ ಎಣ್ಣೆ ಬಟ್ಟಲಿಗೆ ಸುರಿದರು. ಅಷ್ಟರೊಳಗೆ ಕೆಲವನ್ನು ನಾನು ಎತ್ತಿಟ್ಟುಕೊಂಡಿದ್ದೆ. ವಿಜಯದಶಮಿಯ ಬೆಳಿಗ್ಗೆ ಅವುಗಳಲ್ಲೊಂದಕ್ಕೆ, ಬೆರಳಿಗೆ ಅನುಮಾನ ಬರದಿರಲೆಂದು, ಹೊರಗಡೆ ಮಾತ್ರ ಕೊಂಚ ಎಣ್ಣೆ ಸವರಿ ಅವರ ಅಂಗೈಯಲ್ಲಿಟ್ಟೆ. ನನ್ನ ಬುದ್ಧಿವಂತಿಕೆಗೆ ನಾನೇ ಬೆರಗಾಗಿದ್ದೆ.

ನೆಂಟರೆಲ್ಲ ಹಿಂದೆ ನಿಂತಿದ್ದರು. ಬದುವಿನ ಮೇಲೆ ತೆಂಗಿನಕಾಯಿ. ಎಡಕ್ಕೆ ಸಾಕಷ್ಟು ದೂರದಲ್ಲಿ ಸಿಂಗಾರಗೊಂಡ ಗಾಡಿ, ಅದರ ಮೂಕಿಗೆ ಕಟ್ಟಿದ ಬೂದುಗುಂಬಳಕಾಯಿ, ಪಕ್ಕದಲ್ಲಿ ಎತ್ತುಗಳು. ಮಾವನವರು ರೈಫಲ್ಲನ್ನು ಹೆಗಲಿಗೇರಿಸಿ, ಗುರಿಯನ್ನೂ ಸರಿಯಾಗಿ ನೋಡದೆ, ಏನೋ ಶಾಸ್ತ್ರ ಮುಗಿಸುವವರಂತೆ ಟ್ರಿಗರ್ ಎಳೆದರು.

ಢಂ ಎಂದಿತು. ಎಲ್ಲರಿಗಿಂತ ಹೆಚ್ಚು ಬೆಚ್ಚಿದವರು ಮಾವನವರೇ. ನಾನು ಚಪ್ಪಾಳೆ ತಟ್ಟಲು ಕೈ ಎತ್ತಿದ್ದವನು ಹಾಗೇ ನಿಂತೆ. ತೆಂಗಿನಕಾಯಿ ಇದ್ದಲ್ಲೇ ಇತ್ತು. ಬೂದುಗುಂಬಳದಲ್ಲಿ ಒಂದು ಸಣ್ಣ ತೂತು ಬಿದ್ದು ನೀರು ಜಿನುಗುತ್ತಿತ್ತು, ಎತ್ತಿನ ಕೊಂಬಿನಿಂದ ಒಂದು ಗೇಣು ಆಚೆಗೆ. "ಬಿತ್ತಾ?" ಎಂದು ಮಾವನವರು ಬದುವಿನ ಕಡೆಗೇ ನೋಡುತ್ತ ಕೇಳಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಾಗಿತ್ತು. ತಮಾಷೆಯ ಬೋರೇಗೌಡರು ಮೆಲ್ಲಗೆ ಬಂದು ರೈಫಲ್ಲು ಇಸಿದುಕೊಂಡು, "ಇಲ್ಲಿ ಕಲ್ಲೈತೆ, ನಿಧಾನ ಭಾವ" ಎಂದು ಮೊಣಕೈ ಹಿಡಿದು ನಡೆಸಿದರು. ತಮ್ಮ ಹೊಲದ ಪ್ರತಿ ಕಲ್ಲಿನ ಗುರುತಿದ್ದ ಮನುಷ್ಯ ಕೈ ಕೊಟ್ಟು ನಡೆದರು. ಅಂದಿನಿಂದ ಆ ಮನೆಯಲ್ಲಿ ಅವರೊಬ್ಬರನ್ನೇ ಬಾವಿಯ ಹತ್ತಿರಕ್ಕೂ ಬಿಡಲಿಲ್ಲ.

ಸಂಜೆ ಜಗುಲಿಯಲ್ಲಿ ನಾವಿಬ್ಬರೇ ಇದ್ದಾಗ ಅವರೇ ಮಾತು ತೆಗೆದರು. "ಕೋವಿ ಚೆನ್ನಾಗೇ ಇತ್ತು ಅಂತ ನಂಗೊತ್ತಿತ್ತು ಅಳಿಯಂದ್ರೇ. ಎಣ್ಣೇಲಿ ನೆನೆಸಿದ್ರೆ ತೋಟಾ ಹಾರಲ್ಲ ಅನ್ನೋದೂ ಗೊತ್ತಿತ್ತು. ಕಣ್ಣು ಮಂಜಾಗಿ ಎರಡು ವರ್ಷ ಆಯ್ತು. ಈ ಸಲವೂ ಹಾರ್ದೇ ಇದ್ದಿದ್ರೆ, ಕೋವಿಗೆ ವಯಸ್ಸಾಯ್ತು ಅಂತ ಹೇಳಿ ಕೊಟ್ಟು ಬರ್ತಿದ್ದೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನನ್ನು ಬೈದಿದ್ದರೆ ಎಂದು ಇವತ್ತಿಗೂ ಅನ್ನಿಸುತ್ತದೆ. ದಿನಕ್ಕೆ ನೂರಾರು ಬಿಡಿಭಾಗ ನೋಡಿ ಕೂದಲೆಳೆಯ ವ್ಯತ್ಯಾಸ ಹಿಡಿಯುತ್ತಿದ್ದ ನನಗೆ, ಎದುರಿಗೆ ಕೂತು ಅನ್ನಕ್ಕೆ ತುಪ್ಪವೆಂದು ಮಜ್ಜಿಗೆ ಬಡಿಸಿಕೊಳ್ಳುತ್ತಿದ್ದ ಮಾವ ಕಾಣಿಸಿರಲಿಲ್ಲ. ಆ ಹಾಳು ತೋಟಾ ಹಾರದಿದ್ದರೆ ಎಷ್ಟು ಚೆನ್ನಾಗಿತ್ತು!

ಅವರು ಹೋಗಿ ಬಹಳ ಕಾಲವಾಯಿತು. ಈಗ ನಾನೂ ಮಾವನಾಗಿದ್ದೇನೆ. ಈಚೆಗೆ ಪೇಪರು ಓದುವಾಗ ಅಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಾನು ತಪ್ಪನ್ನು ಹಜಾರದ ಬಲ್ಬಿನ ಮೇಲೆ ಹೊರಿಸಿ ನೆಮ್ಮದಿಯಾಗಿದ್ದೆ. ನನ್ನ ಅಳಿಯ ಬಹಳ ಒಳ್ಳೆಯವನು, ಕೆಟ್ಟದ್ದನ್ನು ಕಂಡರೆ ಸುಮ್ಮನಿರುವವನಲ್ಲ. ಮೊನ್ನೆ ದೊಡ್ಡದೊಂದು ಬಲ್ಬು ತಂದು, ಸ್ಟೂಲು ಹತ್ತಿ ಹಾಕಿ, ಸ್ವಿಚ್ಚು ಒತ್ತಿ, "ಈಗ ಓದಿ ನೋಡಿ ಮಾವ" ಎಂದ. ಹಜಾರವೆಲ್ಲ ಹಗಲಾಯಿತು. ನಾನು ಪೇಪರನ್ನು ಹಿಂದೆ ಮುಂದೆ ತಿರುವಿ ಹಾಕಿ, "ಇವತ್ತು ಓದೋ ಅಂಥ ಸುದ್ದಿ ಏನೂ ಇಲ್ಲ ಕಣಪ್ಪ" ಎಂದೆ.